ಹಿಂದಿನ ಸೀಟಿಲ್ಲದ ಗಾಡಿ

“ಆಂಟಿ, ಇಲ್ಲಿ ನೋಡ್ರಿ, ಕಾಲಾಗ ಎಷ್ಟ ಜಾಗ ಅದ! ನಿಮ್ಮ ರೊಟ್ಟಿ ಬುಟ್ಟಿ ಇಲ್ಲೇ ಇಟ್ಕೊಂಡು ಹೊಂಟ್ರ ಮುಗೀತು,” ಎಂದ ಶೋರೂಮಿನವನು, ಸ್ಕೂಟಿಯ ಕಾಲಿಡುವ ಹಾಸನ್ನು ಅಂಗೈಯಿಂದ ಸವರುತ್ತ. ಅವನು ಸವರಿದ ಜಾಗದಲ್ಲಿ ಆಗಲೇ ಯಾರದೋ ಚಪ್ಪಲಿಯ ಅಚ್ಚು ಮೂಡಿತ್ತು. ಬೆಳಿಗ್ಗೆಯಿಂದ ಎಷ್ಟು ಜನ ಹತ್ತಿ ಇಳಿದಿದ್ದರೋ, ಎಲ್ಲೆಲ್ಲಿ ತುಳಿದು ಬಂದಿದ್ದರೋ. ಅದರ ಮೇಲೆ ನಾನು ರೊಟ್ಟಿ ಇಡಬೇಕಂತೆ.

“ಯಪ್ಪಾ, ನಿಮ್ಮ ಮನ್ಯಾಗ ಊಟದ ತಾಟು ಎಲ್ಲಿ ಇಡ್ತೀರಿ? ಚಪ್ಪಲಿ ಬಿಡೂ ಜಾಗದಾಗೇನು?” ಎಂದು ಕೇಳಿದೆ.

“ಹಂಗಲ್ರಿ ಆಂಟಿ, ಲೇಡೀಸ್ ಎಲ್ಲಾರೂ ಇದನ್ನ ಒಯ್ಯಾಕತ್ತಾರ. ಗ್ಯಾಸ್ ಸಿಲಿಂಡರ್ ಸೈತ ಇಲ್ಲೇ ಕುಂದರ್ತದ.”

“ಸಿಲಿಂಡರ್ ಯಾರೂ ತಿನ್ನೂದಿಲ್ಲ. ನನಗ ಗೇರಿನ ಗಾಡಿ ತೋರಸು. ಬುಟ್ಟಿ ಬೆನ್ನಿನ ಹಿಂದ ಇರಬೇಕು, ಕಾಲಾಗಲ್ಲ.”

ಅವನು ನನ್ನ ಕಡೆಯಿಂದ ತಿರುಗಿದ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಮುಖ ನೋಡಿದ, ಅಪ್ಪಣೆ ಕೇಳುವವನ ಹಾಗೆ. ಲೈಸನ್ಸ್ ನನ್ನದು, ಗಾಡಿ ನನಗೆ, ಅಪ್ಪಣೆ ಮಾತ್ರ ಅವರದು. ನನ್ನ ಗಂಡ ಸಂಗನಬಸವ ಅವರ ಬಾಯಿ ತುಂಬಿತ್ತು. ಬಾಯಲ್ಲಿ ಗುಟ್ಕಾ ಇದ್ದಾಗ ಅವರು ಮಾತಾಡುವ ರೀತಿಯೇ ಬೇರೆ. ಗದ್ದವನ್ನು ಮೇಲೆತ್ತಿ, ಕೆಳದುಟಿಯನ್ನು ಸೌಟಿನಂತೆ ಮುಂದೆ ಚಾಚಿ, ಒಳಗಿನದು ಚೆಲ್ಲದ ಹಾಗೆ ಗಂಟಲಿನಿಂದಲೇ ಮಾತು ಹೊರಡಿಸುತ್ತಾರೆ. “ಆಕೀಗಿ ಏನ ತಿಳೀತದ... ಸ್ಕೂಟೀನ ಕೊಡ್ರಿ,” ಎಂಬಂಥ ಒಂದು ಶಬ್ದ ಬಂತು. ಅಷ್ಟು ಹೇಳಿ ಹೊರಗೆ ಹೋಗಿ ರಸ್ತೆಯ ನಡುವಿನ ಗಿಡದ ಬುಡಕ್ಕೆ ಪಿಚಕ್ಕನೆ ಉಗುಳಿ, ಬಾಯಿ ಒರೆಸಿಕೊಂಡು ವಾಪಸು ಬಂದರು. ಶೋರೂಮಿನವನು ಅವರಿಗೆ ಕುರ್ಚಿ ಕೊಟ್ಟ. ನಾನು ಎದ್ದು ಬಂದೆ.

ನನ್ನ ಹೆಸರು ಸೌಭಾಗ್ಯ. ಐವತ್ತು ದಾಟಿದೆ. ವಿಜಯಪುರದ ಜಲನಗರದಲ್ಲಿ ನಮ್ಮ ಮನೆ. ಗಂಡ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದು ಈಗ ನಿವೃತ್ತರು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಇಸ್ಪೀಟು ಗೊತ್ತಿಲ್ಲ. ಬೀಗರು, ಬಂಧುಗಳೆಲ್ಲ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಅವರಲ್ಲಿ ಒಬ್ಬರೂ ಗಾಡಿಯ ಮೇಲೆ ನನ್ನ ಗಂಡನ ಹಿಂದೆ ಕೂತವರಲ್ಲ.

ಕೂತಿದ್ದರೆ ಗೊತ್ತಾಗುತ್ತಿತ್ತು. ಗಾಡಿ ಓಡಿಸುತ್ತಲೇ ಅವರು ಮುಖವನ್ನು ಬಲಕ್ಕೆ ಒಂದಿಷ್ಟೇ ತಿರುಗಿಸಿ ಉಗುಳುತ್ತಾರೆ. ದೊಡ್ಡದು ರಸ್ತೆಗೆ ಬೀಳುತ್ತದೆ. ಸಣ್ಣದನ್ನು ಗಾಳಿ ಹಿಂದಕ್ಕೆ ತರುತ್ತದೆ. ಸೀರೆ ಉಟ್ಟವಳು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂಡುತ್ತಾಳಲ್ಲ, ಅವಳ ಬೆನ್ನು ಸರಿಯಾಗಿ ಬಲಕ್ಕೇ ಇರುತ್ತದೆ. ಹಾಗಾಗಿ ಅದೆಲ್ಲ ಬಂದು ಬೀಳುವುದು ಬೆನ್ನ ಮೇಲೆ, ಕುಬಸದ ಮೇಲೆ, ಮುಡಿದ ಹೂವಿನ ಮೇಲೆ. ನನ್ನ ಬೆನ್ನು ನನಗೆ ಕಾಣುವುದಿಲ್ಲ, ಕಾಣುವುದು ಊರಿಗೆ. ತಿಕೋಟಾದ ಒಂದು ಮದುವೆಯಲ್ಲಿ ಒಬ್ಬ ಅಜ್ಜಿ ನನ್ನ ಬೆನ್ನು ಸವರಿ, “ಯಾರವ್ವಾ ಇಷ್ಟ ಕುಂಕುಮ ಸಿಡಿಸಿದವರು?” ಎಂದು ಕೇಳಿದ್ದಳು. ನಾನು ಹೌದು ಕುಂಕುಮವೇ ಎಂದೆ. ಆ ಅಜ್ಜಿ ಅದೇ ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡಳು. ಆ ಮದುವೆಯಲ್ಲಿ ನನಗೆ ಊಟ ಸೇರಲಿಲ್ಲ.

ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಅವರ ಉತ್ತರ ಒಂದೇ. “ನಾ ರೋಡಿಗಿ ಉಗಳ್ತೀನಿ. ಗಾಳಿ ತಂದು ನಿನ್ನ ಮ್ಯಾಲ ಹಾಕಿದ್ರ ಅದಕ್ಕ ನಾ ಏನ ಮಾಡ್ಲಿ?” ಎನ್ನುತ್ತಾರೆ. ವಿಜಯಪುರದ ಗಾಳಿಯ ಮೇಲೆ ಇಷ್ಟು ವರ್ಷ ಇಂಥ ಆಪಾದನೆ ಹೊರಿಸಿದವರು ಇನ್ನೊಬ್ಬರಿಲ್ಲ.

ನನ್ನ ಬಟ್ಟೆಯಷ್ಟೇ ಕೆಡುತ್ತಿದ್ದರೆ ಹಾಗೇ ತೊಳೆದುಕೊಂಡು ಇರುತ್ತಿದ್ದೆನೋ ಏನೋ. ಆದರೆ ಬಬಲೇಶ್ವರದಲ್ಲಿ ರಾಚವ್ವ ಎಂಬಾಕೆ ಇದ್ದಾಳೆ. ಆಕೆ ಮತ್ತು ಆಕೆಯ ಓಣಿಯ ಹೆಂಗಸರು ಬಡಿಯುವ ಜೋಳದ ರೊಟ್ಟಿಯನ್ನು ನಾನು ತಂದು ವಿಜಯಪುರದ ಖಾನಾವಳಿಗಳಿಗೆ, ಮೆಸ್ಸುಗಳಿಗೆ ಕೊಡುತ್ತೇನೆ. ಕಟಿ ರೊಟ್ಟಿ, ಹಪ್ಪಳದಷ್ಟು ತೆಳು, ಮುಟ್ಟಿದರೆ ಟಪ್ಪನೆ ಮುರಿಯುವಂಥದ್ದು. ಬುಟ್ಟಿಯಲ್ಲಿ ಜೋಡಿಸಿ, ಬಿಳಿ ಬಟ್ಟೆ ಕಟ್ಟಿ, ಗಂಡನ ಗಾಡಿಯ ಹಿಂದೆ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ನನ್ನ ಗಿರಾಕಿಗಳಲ್ಲಿ ದೊಡ್ಡವಳು ವಿಶಾಖಾ. ಕಾಲೇಜು ಹುಡುಗಿಯರ ವಸತಿಗೃಹ ಒಂದನ್ನು ನಡೆಸುತ್ತಾಳೆ, ಅಡುಗೆಮನೆಯನ್ನು ತಾನೇ ನಿಂತು ನೋಡುತ್ತಾಳೆ.

ಒಂದು ದಿನ ವಿಶಾಖಾ ನನ್ನನ್ನು ಒಳಗೆ ಕರೆದಳು. ರೊಟ್ಟಿಯೊಂದನ್ನು ಕಾಗದದ ಮೇಲೆ ಇಟ್ಟು ನನ್ನ ಮುಂದೆ ಸರಿಸಿದಳು. ಅದರ ಮೇಲೆ ಕಂದುಗೆಂಪು ಹನಿಗಳಿದ್ದವು. “ಸೌಭಾಗ್ಯಕ್ಕಾ, ಹುಡುಗ್ಯಾರು ರಕ್ತ ಅಂತ ತಿಳಕೊಂಡು ಊಟ ಬಿಟ್ಟು ಎದ್ದಾರ. ಇದೇನದ ಹೇಳ್ರಿ,” ಎಂದಳು. ನಾನು ಎತ್ತಿ ಮೂಸಿದೆ. ಮೂಸುವ ಅಗತ್ಯವೇನೂ ಇರಲಿಲ್ಲ. ಆ ಸಿಹಿ ಕೊಳೆತ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ರಕ್ತವೇ ಆಗಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ವಿಶಾಖಾ ನನ್ನ ಮುಖ ನೋಡಿಯೇ ತಿಳಿದುಕೊಂಡಳು. “ಆ ಗಾಡಿ ಮ್ಯಾಲ ತರೂದಾದ್ರ ಬ್ಯಾಡ್ರಿ. ಬ್ಯಾರೆ ಏನಾರ ವ್ಯವಸ್ಥಾ ಆತಂದ್ರ ಒಂದ ಸಲ ತೊಗೊಂಡ ಬರ್ರಿ. ಸ್ವಚ್ಛ ಇದ್ರ ಮತ್ತ ಚಾಲೂ ಮಾಡೂಣು, ಇಲ್ಲಂದ್ರ ಅಲ್ಲಿಗೇ ಮುಗೀತು,” ಎಂದಳು.

ಆ ಸುದ್ದಿಯನ್ನು ರಾಚವ್ವನಿಗೆ ಹೇಳುವಾಗ ನನ್ನ ಗಂಡ ಅವಳ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕಾರಣವೇನೆಂದು ಅವಳು ಕೇಳಲಿಲ್ಲ. ಒಲೆಯ ಮುಂದೆ ಕೂತಿದ್ದ ಹೆಂಗಸರಲ್ಲಿ ಇಬ್ಬರನ್ನು ಎಬ್ಬಿಸಿ ಮನೆಗೆ ಕಳಿಸಿದಳು, ಅಷ್ಟೇ. ವಿಶಾಖಾಳ ರೊಟ್ಟಿ ಇಲ್ಲದ ಮೇಲೆ ಅವರಿಗೆ ಕೆಲಸವಿರಲಿಲ್ಲ.

ಅವತ್ತೇ ನಾನು ಗಾಡಿ ಕಲಿಯಬೇಕೆಂದು ನಿಶ್ಚಯಿಸಿದೆ. ಮಗಳು ಶೈಲಶ್ರೀ ಇದೇ ಊರಲ್ಲಿ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಗಾಡಿ ಓಡಿಸುವುದರಲ್ಲಿ ಗಟ್ಟಿಗಿತ್ತಿ. ಅವಳು ನನಗೆ ತನ್ನ ಹಳೆಯ ಚೂಡಿದಾರ ತೊಡಿಸಿ, ಅಪ್ಪನ ಗಾಡಿ ಕೊಟ್ಟು, ಬೆಳಗಿನ ಹೊತ್ತು ಮೈದಾನದಲ್ಲಿ ಕಲಿಸಿದಳು. ವಾಕಿಂಗಿಗೆ ಬಂದ ಗಂಡಸರು ನಿಂತು ನೋಡಿದರು. ಕ್ಲಚ್ ಬಿಡುವುದು ಹೇಗೆ ಎಂದು ಪ್ರತಿಯೊಬ್ಬರೂ ಒಂದೊಂದು ತರಹ ಹೇಳಿಕೊಟ್ಟರು, ನಡುನಡುವೆ ಮೈದಾನದ ತುಂಬ ಉಗುಳಿದರು. ಪರೀಕ್ಷೆಯ ದಿನ ಕಾಲು ಊರದೆ ಎಂಟರ ಆಕಾರದ ಸುತ್ತು ಹೊಡೆದೆ. ಲೈಸನ್ಸ್ ಬಂತು. ಆಮೇಲೆ ಶುರುವಾಗಿದ್ದು ಗಾಡಿಯ ಹುಡುಕಾಟ.

ಶೋರೂಮಿನಿಂದ ಎದ್ದು ಬಂದ ಮೇಲೆ ಗಂಡ ಹಳೆಯ ಗಾಡಿಯೇ ಸಾಕು ಎಂದರು. ತಿಕೋಟಾದಲ್ಲಿ ಇಮ್ರಾನ ಎಂಬವನು ಹಳೆ ಮೋಟರ್ ಸೈಕಲ್ ಮಾರುತ್ತಾನೆ, ಪರಿಚಯದವನು, ಮೋಸ ಮಾಡುವುದಿಲ್ಲ ಎಂದರು. ಅವರಾಗಿಯೇ ಇಷ್ಟು ಮುಂದೆ ಬಂದದ್ದೇ ನನಗೆ ಅನುಮಾನ ತಂದಿತು. ಆದರೂ ಹೋದೆ, ಅವರ ಹಿಂದೆ ಕೂತೇ ಹೋದೆ. ಚೂಡಿದಾರದ ಮೇಲೆ ತಲೆಯಿಂದ ಸೊಂಟದವರೆಗೆ ಒಂದು ಹಳೆಯ ಚಾದರ ಸುತ್ತಿಕೊಂಡಿದ್ದೆ.

ತಿಕೋಟಾ ಅಂದರೆ ದ್ರಾಕ್ಷಿ. ಊರಿನ ಸುತ್ತ ತೋಟ, ತೋಟದಲ್ಲಿ ಒಣದ್ರಾಕ್ಷಿಯ ಶೆಡ್ಡು, ಶೆಡ್ಡಿನಿಂದ ಬರುವ ಗಂಧಕದ ಹೊಗೆ. ಇಮ್ರಾನನ ತಗಡಿನ ಚಪ್ಪರದ ಕೆಳಗೆ ಗಾಡಿಗಳು ಸಾಲಾಗಿ ನಿಂತಿದ್ದವು. ಒರೆಸಿ, ಎಣ್ಣೆ ಹಚ್ಚಿ, ಟೈರಿಗೆ ಕರಿ ಬಳಿದು ತಯಾರು ಮಾಡಿದ್ದ. ದೂರದಿಂದ ನೋಡಿದರೆ ಎಲ್ಲವೂ ನಿನ್ನೆ ತಂದ ಹಾಗೆ.

“ಬರ್ರಿ ಕಾಕೂ, ಬರ್ರಿ. ಇದ ನೋಡ್ರಿ, ಸಿಂಗಲ್ ಹ್ಯಾಂಡ್ ಗಾಡಿ. ಒಬ್ಬನ ಓಡ್ಸ್ಯಾನ, ಇಂಜನ್ ಬಿಚ್ಚಿಲ್ಲ,” ಎಂದ ಇಮ್ರಾನ.

ನನ್ನ ಗಂಡ ಇಂಜನ್ನಿಗೆ ಕಿವಿ ಕೊಟ್ಟರು. ಎಕ್ಸಲೇಟರ್ ತಿರುವಿದರು, ಟೈರು ಚಿವುಟಿದರು, ಚೈನು ಎಳೆದರು. ನಾನು ಗಾಡಿಯ ಬಲಗಡೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಇಂಜನ್ನು ಕೆಟ್ಟರೆ ಮೇಸ್ತ್ರಿ ಇದ್ದಾನೆ. ನಾನು ನೋಡಬೇಕಾದ್ದು ಬೇರೆ ಇತ್ತು.

ಸೈಲೆನ್ಸರ್ ಮೇಲೆ ಕಂಡಿತು. ಉಗುಳುವವರ ಗಾಡಿಯಲ್ಲಿ ಅದು ಅಲ್ಲಿಯೇ ಇರುತ್ತದೆ. ಬಿಸಿ ಕೊಳವೆಯ ಮೇಲೆ ಬಿದ್ದ ಉಗುಳು ಅಲ್ಲೇ ಕಾದು, ಬೆಂದು, ಕರಕಲಾಗಿ ಪದರು ಪದರಾಗಿ ಕೂತಿರುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಉಗುರಿನಿಂದ ಕೆರೆಯಲು ಹೋದವಳು ಕೈ ಹಿಂದೆ ತೆಗೆದೆ. ಇಂಜನ್ ಶುರುವಿದ್ದದ್ದರಿಂದ ಕೊಳವೆ ಕಾಯುತ್ತಿತ್ತು, ಹಳೆಯ ಉಗುಳು ಮತ್ತೊಮ್ಮೆ ಬೇಯತೊಡಗಿತ್ತು. ಆ ಹೊಗೆ ಮೂಗಿಗೆ ಬಂದು ಎದ್ದು ನಿಂತೆ.

“ಇಮ್ರಾನ, ಇದು ಸಿಂಗಲ್ ಹ್ಯಾಂಡ್ ಇರಬಹುದಪಾ, ಬಾಯಿ ಮಾತ್ರ ಭಾಳ ದೊಡ್ಡದಿತ್ತು,” ಎಂದೆ.

“ಅಯ್ಯ ಕಾಕೂ, ಅದಕ್ಕೇನ್ರಿ, ಡೀಸೆಲ್ ಹಚ್ಚಿ ತಿಕ್ಕಸ್ತೀನಿ.”

“ಡೀಸೆಲ್‌ನಾಗ ಮುಖ ತೊಳಕೊಂಡ್ರೂ ನನಗ ಅದು ಹೋಗೂದಿಲ್ಲ. ಮುಂದಿನದ ತೋರಸು.”

ಮುಂದಿನದರ ಪೆಟ್ರೋಲ್ ಟಾಕಿಯ ಕೆಳಗೆ ಒಂದು ಧಾರೆ ಹರಿದು ಒಣಗಿತ್ತು. ಅದರ ಮುಂದಿನದರಲ್ಲಿ ಹಿಂದೆ ಕೂತವರು ಕಾಲಿಡುವ ಕಬ್ಬಿಣಕ್ಕೆ, ಸೀರೆ ಗಾಲಿಗೆ ಸಿಗದಿರಲೆಂದು ಕಟ್ಟುವ ಜಾಲರಿಗೆ, ಎಲ್ಲ ಕಡೆಗೂ ಸಿಡಿದಿತ್ತು. ಆ ಜಾಲರಿಯ ಹಿಂದೆ ಯಾವಳೋ ಒಬ್ಬಳು ವರ್ಷಗಟ್ಟಲೆ ಕೂತಿದ್ದಳು. ಅವಳ ಹೆಸರು ಗೊತ್ತಿಲ್ಲ, ಅವಳ ಬೆನ್ನು ಹೇಗಿತ್ತೆಂದು ನನಗೆ ಗೊತ್ತು. ಇನ್ನೊಂದರ ಬದಿಯ ಡಬ್ಬಿ ತೆಗೆದರೆ ಗುಟ್ಕಾದ ಖಾಲಿ ಪೊಟ್ಟಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಜಿಲ್ಲೆಯ ಗಂಡಸರೆಲ್ಲ ಸೇರಿ ತಮ್ಮ ಗಾಡಿಗಳ ಮೇಲೆ ಹೀಗೆ ಸಹಿ ಹಾಕಿ ಮಾರಿದ್ದಾರಲ್ಲ, ಛೀ!

ನನ್ನ ಗಂಡನಿಗೆ ಸಿಟ್ಟು ಬಂತು. “ಏ, ನೀ ಗಾಡಿ ನೋಡಾಕ ಬಂದಿ ಏನ ಮಂದಿ ಬಾಯಿ ನೋಡಾಕ ಬಂದಿ? ಕುದುರಿ ತೊಗೊಳ್ಳಾಕ ಬಂದಾಕಿ ಲದ್ದಿ ನೋಡಿದಂಗಾತು,” ಎಂದು ಇಮ್ರಾನನ ಕಡೆ ನೋಡಿ ನಕ್ಕರು. ಅವರೂ ಅವನೂ ಕಣ್ಣಲ್ಲೇ ಏನೋ ಮಾತಾಡಿಕೊಂಡರು. ಆಗ ಹೊರಬಿತ್ತು ಅಸಲು ಸಂಗತಿ. ಇಮ್ರಾನ ಮೂಲೆಯಿಂದ ಒಂದು ಉದ್ದ ಸೀಟಿನ, ದೊಡ್ಡ ಇಂಜನ್ನಿನ ಕೆಂಪು ಗಾಡಿಯನ್ನು ತಳ್ಳಿಕೊಂಡು ಬಂದ.

“ಕಾಕಾ ಮೊನ್ನೇನ ನೋಡಿ ಹೋಗ್ಯಾರ್ರಿ ಇದನ್ನ. ಅವರ ಹಳೀ ಗಾಡಿ ನನಗ ಬಿಡ್ತಾರ, ಇದನ್ನ ಒಯ್ತಾರ.”

“ಹೌದು, ಮನಿಗಿ ಒಂದ ಗಾಡಿ ಸಾಕಲ್ಲ? ಸೀಟ್ ನೋಡು, ಹಾಸಗಿ ಇದ್ದಂಗದ. ನಾ ಓಡಸ್ತೀನಿ, ನೀ ಬುಟ್ಟಿ ಹಿಡಕೊಂಡು ಆರಾಮ ಕುಂದರು. ನಿನಗ ಹೌಸಿ ಆದಾಗ ಮೈದಾನದಾಗ ಒಂದ ಸುತ್ತ ಹೊಡಿ, ಯಾರ ಬ್ಯಾಡ ಅಂತಾರ?” ಎಂದರು ಗಂಡ.

ಅಂದರೆ ನನ್ನ ಲೈಸನ್ಸು, ನಾನು ಕಲಿತದ್ದು, ಮೈದಾನದಲ್ಲಿ ಊರೆಲ್ಲ ನೋಡುವಂತೆ ಬಿದ್ದು ಎದ್ದದ್ದು, ಎಲ್ಲವೂ ಸೇರಿ ಕೊನೆಗೆ ಅವರಿಗೊಂದು ಹೊಸ ಗಾಡಿ. ನನಗೆ ಹಾಸಿಗೆಯಂಥ ಮೆತ್ತನ್ನ ಸೀಟು, ಅದೇ ಬೆನ್ನು, ಅದೇ ಗಾಳಿ. ಮಂದಿಯ ಮುಂದೆ ಗಂಡನಿಗೆ ಎದುರು ಮಾತಾಡಿ ನನಗೆ ರೂಢಿಯಿಲ್ಲ. ಅಲ್ಲಿ ನಿಲ್ಲಲಾಗದೆ ಚಪ್ಪರದ ಹಿಂಬದಿಗೆ ನಡೆದೆ.

ಹಿಂದೆ ಬೇಲಿಯ ಪಕ್ಕ ಒಂದು ಗಾಡಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ಓಡಿಸುವವನಿಗೆ ಮಾತ್ರ ಸಣ್ಣ ಸೀಟು, ಹಿಂದೆ ಸೀಟಿನ ಜಾಗದಲ್ಲಿ ಅಗಲವಾದ ಕಬ್ಬಿಣದ ಕ್ಯಾರಿಯರ್. ನಾನು ಬಲಗಡೆ ಕೂತು ನೋಡಿದೆ. ಸೈಲೆನ್ಸರ್ ಮೇಲೆ ತುಕ್ಕು ಇತ್ತು, ಬರೀ ತುಕ್ಕು. ಟಾಕಿ, ಜಾಲರಿ, ಗಾಲಿಯ ಮೇಲಿನ ತಗಡು, ಎಲ್ಲ ಕಡೆ ಬೆರಳಾಡಿಸಿದೆ. ಧೂಳು, ಗೀರು, ಒಣಗಿದ ಸಗಣಿ. ಸಗಣಿಗೆ ನನ್ನ ತಕರಾರಿಲ್ಲ. ಕ್ಯಾರಿಯರಿಗೆ ಮೂಗು ಹಚ್ಚಿ ಮೂಸಿದೆ. ಹುಳಿ ಹಾಲಿನ ವಾಸನೆ ಬಂತು.

ಇಮ್ರಾನ ಓಡಿ ಬಂದ. “ಕಾಕೂ, ಅದ ಬ್ಯಾಡ್ರಿ. ಕನಮಡಿ ಊರಿನ ಧೂಳಪ್ಪಂದು, ಹಾಲಿನ ಗಾಡಿ. ಈಗ ಹಾಲು ಜಾಸ್ತಿ ಆಗಿ ಮೂರ ಗಾಲೀದು ತೊಗೊಂಡಾನ, ಅದಕ್ಕ ಬಿಟ್ಟು ಹೋಗ್ಯಾನ. ನೋಡಾಕ ಚಂದಿಲ್ಲ.”

“ಧೂಳಪ್ಪ ಗುಟ್ಕಾ ತಿಂತಾನೇನು?”

“ಇಲ್ರಿ. ಹಾಲಿನ ಕ್ಯಾನ್ ಹಿಂದ ಇರ್ತಾವಂತ ಅಂವಾ ಒಂದ ಹನಿ ಉಗಳೂದಿಲ್ಲ. ಕೆಮ್ಮ ಬಂದ್ರೂ ಗಾಡಿ ನಿಲ್ಲಿಸಿ ಇಳೀತಾನ.”

ಆ ಧೂಳಪ್ಪನ ಮುಖವನ್ನೇ ನಾನು ಕಂಡಿಲ್ಲ. ಅವನ ತಾಯಿ ತಣ್ಣಗಿರಲಿ ಎಂದುಕೊಂಡೆ.

ಕಿಕ್ ಹೊಡೆದೆ. ಎರಡು ಸಲ ಕೆಮ್ಮಿ ಶುರುವಾಯಿತು. ಶೆಡ್ಡುಗಳ ಹಾದಿಯಲ್ಲಿ ಹೋಗಿ ತಿರುಗಿಸಿಕೊಂಡು ಬಂದೆ. ಬ್ರೇಕು ಸ್ವಲ್ಪ ಬಿಗಿ, ಗೇರು ಖಟ್ ಎನ್ನುತ್ತದೆ, ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ. ಇರಲಿ. ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ಗಂಧಕದ ಹೊಗೆ ಮುಖಕ್ಕೆ ಹೊಡೆಯಿತು, ಅದೂ ಹಿತವೆನಿಸಿತು. ಗಾಳಿ ಅಂದರೆ ಬರೀ ಗಾಳಿ ಎಂಬುದು ಅವತ್ತೇ ಗೊತ್ತಾದದ್ದು.

“ಇದ ಸಾಕು,” ಎಂದು ಇಳಿದೆ.

ನನ್ನ ಗಂಡ ಕ್ಯಾರಿಯರನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಕ್ಯಾರಿಯರನ್ನು ನೋಡಿ, ಗದ್ದ ಮೇಲೆತ್ತುವುದನ್ನೂ ಮರೆತು ಕೇಳಿದರು.

“ಮತ್ತ ನಾ ಎಲ್ಲಿ ಕುಂದರ್ಲಿ?”

ಮಾತಿನ ಜೊತೆ ಎರಡು ಹನಿ ಅವರ ಬಿಳಿ ಅಂಗಿಯ ಎದೆಯ ಮೇಲೆ ಇಳಿದವು. ಇಮ್ರಾನನ ಕೈಗೆ ದುಡ್ಡು ಇಟ್ಟೆ. ರೊಟ್ಟಿಯ ದುಡ್ಡು, ಯಾರನ್ನೂ ಕೇಳಬೇಕಾಗಿರಲಿಲ್ಲ. ಕೆಂಪು ಗಾಡಿ ಮೂಲೆಗೆ ಹೋಯಿತು, ಗಂಡ ತಮ್ಮ ಹಳೆಯದರ ಮೇಲೆಯೇ ಮನೆಗೆ ಬಂದರು.

ವಿಶಾಖಾಗೆ ಫೋನು ಮಾಡಿ ನಾಳೆ ತರುತ್ತೇನೆ ಎಂದೆ. “ಒಂದ ಸಲ ನೋಡ್ತೀನ್ರಿ ಅಕ್ಕಾ,” ಎಂದಳು. ರಾಚವ್ವನಿಗೂ ಹೇಳಿದೆ. ಮನೆಗೆ ಕಳಿಸಿದ್ದ ಇಬ್ಬರನ್ನು ಮತ್ತೆ ಕರೆಸಿಕೊಂಡಳಂತೆ.

ಮರುದಿನ ಬೆಳಿಗ್ಗೆ ನಾನು ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಗಂಡ ತಮ್ಮ ಗಾಡಿ ಶುರು ಮಾಡಿ ನಿಂತಿದ್ದರು. “ಹೊಸಾ ಲೈಸನ್ಸ್. ಒಬ್ಬಾಕೀನ ಹ್ಯಾಂಗ ಬಿಡೂದು? ಮುಂದ ನಾ ಹೊಕ್ಕೀನಿ, ನನ್ನ ಹಿಂದ ಬಾ,” ಎಂದರು. ಆ ದಾರಿಯಲ್ಲಿ ನಾನು ಎಷ್ಟು ಸಲ ಹೋಗಿ ಬಂದಿದ್ದೇನೆ ಎಂದು ಅವರಿಗೆ ಗೊತ್ತಿಲ್ಲವೇ? ಆದರೂ ಓಣಿಯವರು ನೋಡುತ್ತಿದ್ದರು. ಕಾಳಜಿ ಅಂದುಕೊಂಡು ಸುಮ್ಮನಾದೆ.

ಹೋಗುವಾಗ ನಾನು ದೂರ ಬಿಟ್ಟುಕೊಂಡೇ ಹೋದೆ. ಬಬಲೇಶ್ವರದಲ್ಲಿ ರಾಚವ್ವ ಬುಟ್ಟಿ ಕಟ್ಟಿ ಇಟ್ಟಿದ್ದಳು. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, “ಅಕ್ಕಾರ, ಬುಟ್ಟಿಗಿ ಸಿಂಹಾಸನ ತಂದೀರಿ ಬಿಡ್ರಿ!” ಎಂದಳು. ಅವಳೇ ಕೈಯಾರೆ ಹಗ್ಗ ಬಿಗಿದಳು. ಹೊಸ ಬಿಳಿ ಬಟ್ಟೆ, ಗಂಜಿ ಹಾಕಿ ಒಣಗಿಸಿದ್ದು.

ವಾಪಸು ಬರುವಾಗ ರೊಟ್ಟಿ ಮುರಿಯಬಾರದೆಂದು ನಾನು ನಿಧಾನ ಮಾಡಿದೆ. ನಾನು ಹಿಂದೆ ಬಿದ್ದೆನೆಂದು ಅವರೂ ನಿಧಾನ ಮಾಡಿದರು. ನಡುವಿನ ಅಂತರ ಕಡಿಮೆಯಾಯಿತು. ಊರು ಬಿಟ್ಟು ಒಂದಿಷ್ಟು ದೂರ ಬಂದಿದ್ದೆವು. ರಸ್ತೆಯ ಉಬ್ಬು ಬಂತು. ಅವರ ತಲೆ ಬಲಕ್ಕೆ ಒಂದಿಷ್ಟೇ ತಿರುಗಿತು. ಆ ತಿರುಗುವಿಕೆಯನ್ನು ನಾನು ಬಲ್ಲೆ. ಬ್ರೇಕ್ ಹಿಡಿಯಬೇಕು ಎಂದುಕೊಳ್ಳುವಷ್ಟರಲ್ಲಿ ಹೆಲ್ಮೆಟ್ಟಿನ ಗಾಜಿನ ಮೇಲೆ ಟಪಟಪ ಬಿತ್ತು. ರಸ್ತೆ, ಬಯಲು, ಅವರ ಬೆನ್ನು, ಎಲ್ಲವೂ ಕೆಂಪು ಹನಿಗಳ ನಡುವೆ ಕಂಡವು.

ಗಾಡಿ ನಿಲ್ಲಿಸಿದೆ. ಅವರು ನಿಲ್ಲಲಿಲ್ಲ. ಹಿಂದೆ ತಿರುಗಿ ನೋಡುವ ಅಭ್ಯಾಸ ಅವರಿಗೆ ಇಲ್ಲ.

ಇಳಿದು ನೋಡಿದೆ. ಬುಟ್ಟಿ ನನಗಿಂತ ಅಗಲ, ನನ್ನ ಬೆನ್ನು ಅದನ್ನು ಪೂರ್ತಿ ಮರೆ ಮಾಡುವುದಿಲ್ಲ. ಬಿಳಿ ಬಟ್ಟೆಯ ಬಲ ಅಂಚಿನಲ್ಲಿ ಸಿಡಿದಿತ್ತು. ಬಟ್ಟೆ ಬಿಚ್ಚಿದೆ. ಒಳಗೆ ಇಳಿದು ಮೇಲಿನ ಎರಡು ರೊಟ್ಟಿಗೆ ತಾಗಿತ್ತು. ರಸ್ತೆಯ ಬದಿಯಲ್ಲಿ ನಿಂತು ನಾನು ಅತ್ತೆ. ದುಃಖಕ್ಕಲ್ಲ, ಅಸಹ್ಯಕ್ಕೆ. ಬೇರೆ ಗಾಡಿ ಕೊಂಡೆ, ಬೇರೆ ಸೀಟಿನ ಮೇಲೆ ಕೂತೆ, ಹಿಂದಿನ ಸೀಟೇ ಇಲ್ಲದ ಹಾಗೆ ಮಾಡಿಕೊಂಡೆ. ಆದರೂ ನಾನು ಅವರ ಹಿಂದೆಯೇ ಇದ್ದೆ.

ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಗಾಡಿ ತಿರುಗಿಸಿ ಬಬಲೇಶ್ವರಕ್ಕೆ ಹೋದೆ. ರಾಚವ್ವ ಬಟ್ಟೆ ನೋಡಿದಳು. “ಮತ್ತ ಅದ ಏನ್ರಿ ಅಕ್ಕಾರ?” ಎಂದಳು. ಹೌದೆಂದೆ. ಅವಳು ಬೇರೆ ಬುಟ್ಟಿ ತಂದು, ಇಬ್ಬರೂ ಕೂತು ಒಂದೊಂದೇ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಜೋಡಿಸಿದೆವು. ಕಡಿಮೆ ಬಿದ್ದ ಎರಡನ್ನು ತನ್ನ ಮನೆಯವರಿಗೆಂದು ಇಟ್ಟದ್ದರಲ್ಲಿ ತೆಗೆದುಕೊಟ್ಟಳು. ಕೆಟ್ಟ ಎರಡನ್ನು ದನಕ್ಕೆ ಹಾಕಲು ಎತ್ತಿಕೊಂಡಳು.

“ಬ್ಯಾಡ ರಾಚವ್ವ, ದನಾ ಏನ ಪಾಪ ಮಾಡ್ಯಾವ? ಒಂದು ಚೀಲದಾಗ ಕಟ್ಟಿ ನನ್ನ ಕಡೆ ಕೊಡು,” ಎಂದೆ.

ಈ ಸಲ ಒಬ್ಬಳೇ ಬಂದೆ. ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು, ದಾಟಿ ಹೋದೆ. ಒಬ್ಬ ಬೈಕಿನವನು ಸಿಕ್ಕ, ಅವನ ದವಡೆ ಆಡುವುದನ್ನು ಕಂಡು ಅವನನ್ನೂ ದಾಟಿದೆ. ವಿಶಾಖಾಳ ಅಡುಗೆಮನೆಯಲ್ಲಿ ಬುಟ್ಟಿ ಇಳಿಸಿದಾಗ ಹೊತ್ತಾಗಿತ್ತು. ಅವಳು ಬಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು, ಮೂಸಿದಳು, ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. “ನಾಳಿಂದ ದಿನಾ ತರ್ರಿ. ಆದ್ರ ಇಷ್ಟ ತಡಾ ಬ್ಯಾಡ್ರಿ,” ಎಂದಳು.

ಮನೆಗೆ ಬಂದಾಗ ಗಂಡ ಪಡಸಾಲೆಯಲ್ಲಿ ಕಾಯುತ್ತಿದ್ದರು. “ಎಲ್ಲಿ ಉಳದಿದ್ದಿ? ಗೇರ ಬೀಳಲಿಲ್ಲೇನು? ಅದಕ್ಕ ಹೇಳಿದ್ದೆ ಸ್ಕೂಟಿ ತೊಗೊ ಅಂತ,” ಎಂದರು. ಹಸಿವಾಗಿತ್ತು ಅವರಿಗೆ. ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದುಕೊಂಡು ಬಂದು ಕೂತರು. ಊಟಕ್ಕೆ ಕೂಡುವ ಮೊದಲು ಮಡಿವಂತರ ಹಾಗೆ ತೊಳೆದುಕೊಳ್ಳುತ್ತಾರೆ, ಅದರಲ್ಲಿ ಕುಂದಿಲ್ಲ.

ತಾಟಿನಲ್ಲಿ ಹೆಸರುಕಾಳಿನ ಪಲ್ಯ ಹಾಕಿದೆ, ಶೇಂಗಾ ಹಿಂಡಿ, ಮೊಸರು. ಚೀಲ ಬಿಚ್ಚಿ ಆ ಎರಡು ರೊಟ್ಟಿಯನ್ನು ಮೇಲೆ ಇಟ್ಟೆ.

ಅವರು ರೊಟ್ಟಿ ಮುರಿಯಲು ಕೈ ಹಾಕಿ ನಿಂತರು. “ಇದೇನ ಕೆಂಪ ಕೆಂಪ?”

“ನಿಮ್ಮದ್ರಿ. ಉಬ್ಬಿನ ಕಡೆ ಉಗಳಿದ್ರಲ್ಲ, ಅದು.”

ಅವರು ಬೆರಳನ್ನು ಹಿಂದಕ್ಕೆ ಎಳೆದುಕೊಂಡರು. ಮುಖ ಕಿವುಚಿಕೊಂಡಿತು, ಮೂಗು ಹಿಗ್ಗಿತು. “ಛೀ, ಛೀ! ಹೇಸಿಕಿ! ಇದನ್ನ ಹ್ಯಾಂಗ ತಿನ್ನಲಿ ನಾ?” ಎಂದು ತಾಟನ್ನು ಕೈಯಿಂದ ನೂಕಿದರು.

ಮದುವೆಯಾಗಿ ಬಂದಂದಿನಿಂದ ನಾನು ಬೆನ್ನ ಮೇಲೆ ಹೊತ್ತು ತಿರುಗಿದ್ದು, ಕಲ್ಲಿಗೆ ಒಗೆದು ತೊಳೆದದ್ದು, ಊರ ಮುಂದೆ ಕುಂಕುಮ ಎಂದು ಸುಳ್ಳು ಹೇಳಿದ್ದು ಇದನ್ನೇ. ಅವರಿಗೆ ಇದು ಹೇಸಿಗೆ ಎಂದು ತಿಳಿಯಲು ತಾಟಿಗೆ ಬರಬೇಕಾಯಿತು.

“ಜ್ವಾಳದ ರೊಟ್ಟಿ, ಚೆಲ್ಲಾಕ ಬರೂದಿಲ್ರಿ,” ಎಂದೆ.

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಸಿಟ್ಟಿಲ್ಲದೆ, ಒಂದು ದಾರಿ ಹುಡುಕುವವರ ಹಾಗೆ. ಆಮೇಲೆ ಮುಖ ತಿಳಿಯಾಯಿತು. ತಾಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

“ಹಂಗಾರ ನೀನ ತಿನ್ನು. ಗಂಡನ ಎಂಜಲ ಹೆಂಡ್ತಿಗೆ ನಡೀತದ.”

“ನಡೀತಿತ್ರಿ,” ಎಂದೆ.

ತಾಟನ್ನು ಮತ್ತೆ ಅವರ ಮುಂದಕ್ಕೆ ಸರಿಸಿದೆ. ಇನ್ನೊಂದು ತಾಟು ತೆಗೆದುಕೊಂಡು, ಒಳ್ಳೆಯ ರೊಟ್ಟಿ ಹಾಕಿಕೊಂಡು, ಅವರ ಎದುರಿಗೇ ಕೂತು ಹೊಟ್ಟೆ ತುಂಬ ಉಂಡೆ. ಅವರು ಉಣ್ಣಲೂ ಇಲ್ಲ, ಏಳಲೂ ಇಲ್ಲ. ಆಮೇಲೆ ಖಾನಾವಳಿಗಳ ಸಂಜೆಯ ರೊಟ್ಟಿಗೆಂದು ಹೆಲ್ಮೆಟ್ಟಿನ ಗಾಜು ತೊಳೆದು ಗಾಡಿ ಹೊರಗೆ ತೆಗೆದೆ. ಮುಂದೆ ನಾ ಹೋಗುತ್ತೇನೆ ಎಂದು ಅವರು ಅನ್ನಲಿಲ್ಲ.